ಜರಡಿಯಲ್ಲಿ ಉಳಿದ ಸತು

ಆ ಶುಕ್ರವಾರದ ಬೆಳಗೂ ಎಲ್ಲ ಬೆಳಗುಗಳಂತೆಯೇ ಇತ್ತು. ಐದೂವರೆಗೆ ಎದ್ದು, ಬಾಗಿಲ ಮುಂದೆ ನಮಗೆ ಸಿಕ್ಕಿರುವ ಎರಡು ಅಡಿ ಜಾಗದಲ್ಲಿ ಪುಟ್ಟ ರಂಗೋಲಿ ಬಿಟ್ಟು, ಹಾಲು ಕಾಯಲು ಇಟ್ಟೆ. ದೀಪ ಹಚ್ಚಿ ಹಣೆಗೆ ವಿಭೂತಿ ಇಟ್ಟುಕೊಂಡು ಬರುವಷ್ಟರಲ್ಲಿ ಹಾಲಿನ ಮೇಲೆ ತೆಳ್ಳಗೆ ಕೆನೆ ಸುಕ್ಕಾಗುತ್ತಿತ್ತು. ಅದನ್ನು ನೋಡುತ್ತಾ ನಿಲ್ಲುವುದು ನನ್ನ ಹಳೆಯ ಚಾಳಿ. ನಮ್ಮವರು ಮನೆಯಲ್ಲಿದ್ದರೆ, “ಶೈಲಾ, ಕಾಫಿ ಇವತ್ತೇ ಸಿಗುತ್ತಾ?” ಎಂದು ಹಾಲ್‌ನಿಂದ ಕೇಳುತ್ತಾರೆ. ಆದರೆ ಅವರು ಊರಲ್ಲಿ ಇರಲಿಲ್ಲ. ಮೂರು ವಾರದಿಂದ ಉತ್ತರದ ಕಡೆಯ ಒಂದು ಸತುವಿನ ಗಣಿಯಲ್ಲಿದ್ದರು.

ನಮ್ಮವರ ಹೆಸರು ಮಹೇಶ್. ಗಣಿಯಿಂದ ಬಂದ ಕಲ್ಲಿನಿಂದ ಲೋಹ ಬಿಡಿಸುವ ಕೆಲಸ ಬಲ್ಲವರು. ಮದುವೆಯಾದ ಹೊಸದರಲ್ಲಿ ಆ ಕೆಲಸವನ್ನು ಅವರು ನನಗೆ ಅಡುಗೆಮನೆಯಲ್ಲೇ ವಿವರಿಸಿದ್ದರು. ಕಲ್ಲನ್ನು ಹಿಟ್ಟಿನಂತೆ ಬೀಸುತ್ತಾರೆ. ನೀರಲ್ಲಿ ಕಲಸಿ ದೊಡ್ಡ ತೊಟ್ಟಿಗಳಿಗೆ ಬಿಟ್ಟು, ಒಂದಿಷ್ಟು ಔಷಧಿ ಹಾಕಿ, ಕೆಳಗಿನಿಂದ ಗಾಳಿ ಊದುತ್ತಾರೆ. ಸತುವಿನ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ಬಂದು ನೊರೆಯಾಗಿ ನಿಲ್ಲುತ್ತವೆ. ನೊರೆಯನ್ನು ಕೆನೆಯಂತೆ ತೆಗೆದುಕೊಂಡರೆ ಅದರಲ್ಲಿ ಸತು. ಕೆಳಗೆ ಉಳಿದ ಬೂದು ನೀರು ಕೊಳವೆಯಲ್ಲಿ ಹರಿದು, ಕೆರೆಯಷ್ಟು ದೊಡ್ಡ ಒಂದು ಹೊಂಡ ಸೇರುತ್ತದೆ. ಮೇಲೇಳದೆ ಹೋದ ಸತುವೂ ಅದರ ಜೊತೆಗೇ ಹೋಗಿ ಹೊಂಡದ ತಳದಲ್ಲಿ ಮಲಗಿಬಿಡುತ್ತದೆ. ಆ ಕೆರೆಯನ್ನು ನಾನು ಕಣ್ಣಾರೆ ಕಂಡಿಲ್ಲ. ಕನಸಲ್ಲಿ ಮಾತ್ರ ಎರಡು ಮೂರು ಸಲ ಅದರ ದಂಡೆಯಲ್ಲಿ ನಡೆದಿದ್ದೇನೆ. ನೀರು ಬೆಳ್ಳಿಯ ತಟ್ಟೆಯಂತೆ ಅಲುಗದೆ ಇರುತ್ತದೆ. ಒಂದೂ ಹಕ್ಕಿ ಇರುವುದಿಲ್ಲ.

ಈ ಸಲ ಆ ಹೊಂಡಕ್ಕೆ ಹೋಗುತ್ತಿದ್ದ ಸತು ತುಂಬಾ ಹೆಚ್ಚಾಗಿತ್ತು. ತಪ್ಪು ತಿಪ್ಪೇಸ್ವಾಮಿಯವರದೆಂದು ಅಲ್ಲಿ ಎಲ್ಲರೂ ಹೇಳತೊಡಗಿದ್ದರು. ತಿಪ್ಪೇಸ್ವಾಮಿ ನಮ್ಮ ಕಡೆಯವರು, ಚಳ್ಳಕೆರೆಯವರು. ನೊರೆಯ ತೊಟ್ಟಿಗಳ ಉಸ್ತುವಾರಿ ಅವರದು. ಊರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಒಂದು ಚೀಲ ಮಂಡಕ್ಕಿ ಹೊತ್ತು ತಂದು, “ಅಕ್ಕಾ, ಇಲ್ಲಿ ಸಿಗೋದು ಮಂಡಕ್ಕಿನೇ ಅಲ್ಲ ಬಿಡ್ರಿ” ಎನ್ನುವವರು. ಔಷಧಿ ಹಾಕುವುದರಲ್ಲಿ ಅವರು ಕೈ ಬಿಗಿಹಿಡಿದರು, ಅದಕ್ಕೇ ಸತು ಮೇಲೇಳಲಿಲ್ಲ ಎಂಬುದು ಆರೋಪ. ನಮ್ಮವರಿಗೆ ಬೇರೆ ಅನುಮಾನವಿತ್ತು. ದಿನಕ್ಕೆ ಇನ್ನಷ್ಟು ಕಲ್ಲು ಬೀಸಿ ಎಂದು ಮೇಲಿನವರು ಒತ್ತಡ ಹಾಕತೊಡಗಿ ಆರು ತಿಂಗಳಾಗಿತ್ತಂತೆ. ಸೋಮವಾರ ವಿಚಾರಣೆ. ಅಂದು ತೀರ್ಮಾನ ವಿರುದ್ಧವಾದರೆ ಇಪ್ಪತ್ತು ವರ್ಷದ ಕೆಲಸ ಬಿಟ್ಟು ತಿಪ್ಪೇಸ್ವಾಮಿ ತಲೆ ತಗ್ಗಿಸಿಕೊಂಡು ಊರಿಗೆ ಹೊರಡಬೇಕು.

ಅದಕ್ಕಾಗಿ ನಮ್ಮವರು ಹೊಂಡಕ್ಕೆ ಹೋಗುವ ಕೊಳವೆಯಿಂದ ಎರಡು ವಾರ ಪ್ರತಿದಿನ ಹಿಡಿದಿಟ್ಟಿದ್ದ ಪುಡಿಯನ್ನು, ಸುಮಾರು ಎರಡು ಕೆಜಿ, ಬೆಂಗಳೂರಿಗೆ ಬರುತ್ತಿದ್ದ ಸಹೋದ್ಯೋಗಿಯ ಕೈಯಲ್ಲಿ ಕಳಿಸಿದ್ದರು. ದೊಡ್ಡನೆಕ್ಕುಂದಿಯಲ್ಲಿರುವ ತಮ್ಮ ಮನೆಗೆ ಹೋಗುವ ದಾರಿಯಲ್ಲಿ ಆ ಸಹೋದ್ಯೋಗಿ ಅದನ್ನು ಬುಧವಾರ ನಮ್ಮ ಗೇಟಿನಲ್ಲಿ ಕೊಟ್ಟು ಹೋಗಿದ್ದರು. ಮಳೆಗೆ ಚೀಲ ಒದ್ದೆಯಾಗಿ ಪುಡಿಯೆಲ್ಲ ಗಂಟುಗಂಟಾಗಿತ್ತು. ಫೋನಿನಲ್ಲಿ ನಮ್ಮವರು ಹೇಳಿದ್ದು ಇಷ್ಟೇ: “ಪೀಣ್ಯದ ಲ್ಯಾಬಿಗೆ ಹೋಗಿ ಹಾಗೇ ಕೊಟ್ಟು ಬಾ.”

ನಾನು ಪೇಪರ್ ಹರಡಿ, ಪುಡಿಯನ್ನು ಫ್ಯಾನಿನ ಕೆಳಗೆ ಒಂದು ದಿನ ಒಣಗಿಸಿದೆ. ಶುಕ್ರವಾರ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಜರಡಿ ಹಿಡಿಯುತ್ತಿದ್ದೆ. ಮಳೆಗಾಲದಲ್ಲಿ ಹುಳ ನೋಡದೆ ರವೆ ಹಾಕುವ ಹಾಗಿಲ್ಲ. ಕಣ್ಣು ಆ ಬೂದು ಪುಡಿಯ ಮೇಲೆ ಬಿತ್ತು. ಇಷ್ಟು ಒರಟೊರಟಾಗಿ ಯಾರ ಕೈಗಾದರೂ ಕೊಡುವುದೇ? ದಾವಣಗೆರೆಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಸಿಸ್ಟರ್, ಬಟ್ಟೆಯ ಹಿಂಬದಿಯ ದಾರವೂ ನೀಟಾಗಿ ಇರದಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದರು. ಅಡುಗೆಗೆ ಬಳಸದೆ ಮೇಲಿಟ್ಟಿದ್ದ ಸಣ್ಣ ಕಣ್ಣಿನ ಮೈದಾ ಜರಡಿಯೊಂದಿತ್ತು. ಅದನ್ನು ಇಳಿಸಿ, ಗಂಟುಗಳನ್ನು ಬೆರಳಲ್ಲಿ ಒಡೆದು, ಇಡೀ ಪುಡಿಯನ್ನು ಜರಡಿ ಹಿಡಿದೆ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾಗಿ ಇಳಿಯಿತು. ಜರಡಿಯಲ್ಲಿ ಎರಡು ಹಿಡಿಯಷ್ಟು ತರಿ ಉಳಿಯಿತು. ಅದನ್ನು ಒಂದು ತೆಂಗಿನ ಚಿಪ್ಪಿಗೆ ಸುರಿದು ಬಾಲ್ಕನಿಯ ಗುಲಾಬಿ ಕುಂಡದ ಪಕ್ಕ ಇಟ್ಟೆ.

ಆಗಲೇ ಪಕ್ಕದ ಮನೆಯ ಲಕ್ಷ್ಮಮ್ಮನವರು ಬಂದರು. ನಮ್ಮ ಅಪಾರ್ಟ್‌ಮೆಂಟ್ ಎದ್ದಿರುವುದು ಅವರದೇ ರಾಗಿ ಹೊಲದಲ್ಲಿ. ಹೊಲದ ಬದಲಿಗೆ ಬಂದ ಮನೆಗಳಲ್ಲಿ ಒಂದರಲ್ಲಿ ಅವರೇ ಇದ್ದಾರೆ. ಬಾಲ್ಕನಿಯಲ್ಲಿ ವಾಷಿಂಗ್ ಮಷೀನಿನ ಪಕ್ಕದಲ್ಲಿ ಬೀಸುವ ಕಲ್ಲು ಇಟ್ಟುಕೊಂಡು, ಈಗಲೂ ವಾರಕ್ಕೊಮ್ಮೆ ರಾಗಿ ಬೀಸುತ್ತಾರೆ. ನಾನು ಹೊರಗೆ ಹೋದರೆ ನಮ್ಮ ಬೀಗದ ಕೈ ಅವರ ಹತ್ತಿರ. ಕುಂಡಗಳಿಗೆ ನೀರು ಅವರದೇ. ಚಿಪ್ಪು ಕಂಡವರೇ ಬಗ್ಗಿ ನೋಡಿ, ದೀಪ ತಿಕ್ಕಲು ಇದು ಬಲು ಚೆನ್ನಾಗಿರುತ್ತದೆ, ಸಂಜೆ ಹೆಂಗೂ ಹಿತ್ತಾಳೆ ಸಾಮಾನೆಲ್ಲ ಇಳಿಸುತ್ತೀನಿ ಎಂದರು. ಬೇಕಿದ್ದರೆ ಎಲ್ಲ ತಗೊಳ್ಳಿ ಎಂದು ನಾನು ಹೇಳಿದೆ. ಅಷ್ಟು ಧಾರಾಳವಾಗಿ.

ಒಂಬತ್ತೂಮುಕ್ಕಾಲಿಗೆ ಹೂಡಿಯ ಮೆಟ್ರೋ ನಿಲ್ದಾಣ ತಲುಪಿದೆ. ಮೋಡ ಕವಿದ ಬೆಳಗು, ಹನಿ ಇಲ್ಲ. ಪೀಣ್ಯಕ್ಕೆ ಟೋಕನ್ ತೊಂಬತ್ತು ರೂಪಾಯಿ. ಪುಡಿಯನ್ನು ಹೊಸ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಬಿಳಿ ಬಟ್ಟೆ ಸುತ್ತಿ, ಬಟ್ಟೆಯ ಚೀಲದಲ್ಲಿ ಎದೆಗೆ ಒತ್ತಿ ಹಿಡಿದಿದ್ದೆ. ಚೀಲ ಮಷೀನಿನೊಳಗೆ ಹೋಗಿ ಬಂದ ಮೇಲೆ ಕಾವಲಿನ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು.

“ಡಬ್ಬೀಲಿ ಏನು ಮೇಡಂ?”

“ಸತು” ಎಂದೆ.

ಅವಳು ಮುಚ್ಚಳ ತೆಗೆದು ನೋಡಿದಳು. ಬೂದು ಬಣ್ಣದ ನುಣುಪು ಪುಡಿ. ಅವಳ ಮುಖ ಒಮ್ಮೆಲೇ ಮೆತ್ತಗಾಯಿತು. ಮುಚ್ಚಳ ಹಾಕಿ, ಬಟ್ಟೆಯ ಗಂಟನ್ನು ತಾನೇ ಕಟ್ಟಿ, ಎರಡೂ ಕೈಯಲ್ಲಿ ನನಗೆ ಕೊಟ್ಟಳು.

“ಶ್ರೀರಂಗಪಟ್ಟಣಕ್ಕಾ ಅಮ್ಮ?”

“ಇಲ್ಲಮ್ಮ, ಪೀಣ್ಯಕ್ಕೆ.”

ಪೀಣ್ಯದಲ್ಲಿ ಯಾವ ಹೊಳೆ ಎಂದು ಅವಳು ಯೋಚಿಸುತ್ತಿದ್ದಳೇನೋ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನನಗೆ ಅರ್ಥವಾದದ್ದು ರೈಲು ಗರುಡಾಚಾರ್‌ಪಾಳ್ಯ ದಾಟಿದ ಮೇಲೆ. ನಾನು ಸತು ಎಂದದ್ದು ಅವಳ ಕಿವಿಗೆ ಸತ್ತು ಎಂದು ಬಿದ್ದಿತ್ತು; ಹೊಳೆಗೆ ಬಿಡಲು ಒಯ್ಯುವ ಚಿತೆಯ ಬೂದಿ ಎಂದುಕೊಂಡಿದ್ದಳು. ನಮ್ಮಲ್ಲಿ ಹೂಳುವುದು ವಾಡಿಕೆ. ಬೂದಿ ಎಂದರೆ ನನಗೆ ಹಣೆಯ ಮೇಲಿನದು ಮಾತ್ರ ನೆನಪಾಗುತ್ತದೆ. ನಗು ಬಂತು, ಜೊತೆಗೇ ಡಬ್ಬಿಯನ್ನು ಸ್ವಲ್ಪ ಹೆಚ್ಚು ಜೋಪಾನವಾಗಿ ಹಿಡಿದುಕೊಂಡೆ.

ಮಹಿಳೆಯರ ಬೋಗಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೂಡಿಯ ಗಾಜಿನ ಕಟ್ಟಡಗಳು ಮೋಡವನ್ನು ತಮ್ಮ ಮೈಮೇಲೆ ಹರಿಸಿಕೊಂಡು ನಿಂತಿದ್ದವು. ಅವುಗಳ ನಡುವೆ ಎಲ್ಲೋ ಒಂದು ಹಂಚಿನ ಮನೆ, ಅದರ ಮುಂದೆ ಕಟ್ಟಿದ ಹಸು, ಮತ್ತೆ ಗಾಜು. ಕೆ.ಆರ್. ಪುರದ ತೂಗುಸೇತುವೆಯ ತಂತಿಗಳು ವೀಣೆಯ ಹಾಗೆ ಓರೆಯಾಗಿ ಹಾದುಹೋದವು. ಬೆನ್ನಿಗಾನಹಳ್ಳಿಯ ಕೆರೆಯ ಮೇಲೆ ಬೆಳಕು ಬೂದಾಗಿ ಬಿದ್ದಿತ್ತು. ನನ್ನ ಕನಸಿನ ಕೆರೆಯ ಬಣ್ಣವೇ. ಆದರೆ ಇಲ್ಲಿ ಕೊಕ್ಕರೆಗಳಿದ್ದವು. ಒಂದು ಕೊಕ್ಕರೆ ನೀರಿನ ಮಟ್ಟದಲ್ಲೇ ರೈಲಿನ ಜೊತೆಗೆ ಸ್ವಲ್ಪ ದೂರ ಹಾರಿ, ಬೇಸರವಾದಂತೆ ತಿರುಗಿಹೋಯಿತು.

ಪ್ರತಿ ನಿಲ್ದಾಣದಲ್ಲೂ ಬಾಗಿಲು ಉಸಿರು ಬಿಟ್ಟು ತೆರೆಯುತ್ತಿತ್ತು. ಕುತ್ತಿಗೆಗೆ ಗುರುತಿನ ಚೀಟಿ ಹಾಕಿದ ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ಏರುತ್ತಿದ್ದರು. ಒಬ್ಬಳ ಜಡೆಯಲ್ಲಿ ಒಂದೇ ಒಂದು ಕನಕಾಂಬರದ ಹೂ ಸಿಕ್ಕಿಕೊಂಡಿತ್ತು. ನಿನ್ನೆಯದಿರಬೇಕು, ಅವಳಿಗೆ ಗೊತ್ತೇ ಇರಲಿಲ್ಲ. ಹೇಳಲೋ ಬೇಡವೋ ಎನ್ನುತ್ತಿರುವಾಗ ರೈಲು ಸುರಂಗ ಹೊಕ್ಕಿತು. ಗಾಜಿನಲ್ಲಿ ನಮ್ಮ ಮುಖಗಳೆಲ್ಲ ಒಟ್ಟಿಗೆ ಮೂಡಿದವು. ಗುಳ್ಳೆಗೆ ಅಂಟಿ ಮೇಲೇಳುವ ಸತುವಿನ ಕಣಕ್ಕೆ ಹೀಗೇ ಅನಿಸುತ್ತದೋ ಏನೋ, ತಾನೇ ಹೋಗುತ್ತಿದ್ದೇನೆ ಎಂದು. ಕಣ್ಣು ಮುಚ್ಚಿದೆ. ತೆರೆದಾಗ ಮೆಜೆಸ್ಟಿಕ್, ಮತ್ತು ಆ ಹೂವಿನ ಹುಡುಗಿ ಇಳಿದುಹೋಗಿದ್ದಳು.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಮತ್ತೆ ಬೆಳಕಿಗೆ ಬಂದೆ. ಇತ್ತ ಕಡೆಯ ಬೆಂಗಳೂರೇ ಬೇರೆ. ಮನೆಗಳ ತಾರಸಿಗಳು ರೈಲಿಗೆ ಎಷ್ಟು ಹತ್ತಿರವೆಂದರೆ, ಒಂದರ ಮೇಲೆ ಒಣಗಲು ಹಾಕಿದ್ದ ಹಪ್ಪಳ ಎಣಿಸಬಹುದಿತ್ತು. ಮೋಡದ ದಿನ ಯಾರು ಹಪ್ಪಳ ಹಾಕುತ್ತಾರೆ ಎಂದುಕೊಂಡೆ. ಗಂಧದ ಸೋಪಿನ ಕಾರ್ಖಾನೆಯ ಹೆಸರಿರುವ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಗಂಧದ ಪರಿಮಳ ನಿಜವಾಗಿ ಬಂತೋ, ನಾನೇ ಊಹಿಸಿಕೊಂಡೆನೋ ಹೇಳಲಾರೆ. ಗೊರಗುಂಟೆಪಾಳ್ಯದ ನಂತರ ತಗಡಿನ ಮಾಡುಗಳು ಶುರುವಾದವು. ಹನ್ನೊಂದೂಕಾಲಿಗೆ ಪೀಣ್ಯದಲ್ಲಿ ಇಳಿದೆ.

ಆಟೋದವನು ಅರವತ್ತು ಕೇಳಿ ಐವತ್ತಕ್ಕೆ ಒಪ್ಪಿದ. ಪೀಣ್ಯದ ಒಳರಸ್ತೆಗಳಲ್ಲಿ ಗಾಳಿಗೆ ಕಬ್ಬಿಣದ ರುಚಿಯಿದೆ. ನಾಲಿಗೆಯ ತುದಿಗೆ ತಗಲುತ್ತದೆ. ಪ್ರತಿ ಬಾಗಿಲಿನಿಂದ ಒಂದೊಂದು ಸದ್ದು: ಒಂದು ಕಡೆ ಕೊರೆಯುವುದು, ಇನ್ನೊಂದು ಕಡೆ ಬಡಿಯುವುದು. ರಸ್ತೆಯ ಮಣ್ಣಿನಲ್ಲಿ ಲೋಹದ ಸುರುಳಿಗಳು ಮಿನುಗುತ್ತಿದ್ದವು, ಯಾರೋ ಗೆಜ್ಜೆ ಬಿಚ್ಚಿ ಚೆಲ್ಲಿ ಹೋದಂತೆ. ಲ್ಯಾಬು ಎರಡು ಕಾರ್ಖಾನೆಗಳ ನಡುವೆ ಒಂದು ಮಹಡಿಯ ಮೇಲಿತ್ತು. ಅಲ್ಲಿ ಕರೆಂಟ್ ಇರಲಿಲ್ಲ. ಸ್ಯಾಂಪಲ್ ತೆಗೆದುಕೊಳ್ಳುವ ರಂಗಣ್ಣನವರು ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದಾರೆ, ಎರಡು ಗಂಟೆಯ ಮೇಲೆ ಬರುತ್ತಾರೆ ಎಂದು ಕೌಂಟರಿನಲ್ಲಿದ್ದ ಹೆಂಗಸು ಹೇಳಿ, ಡಬ್ಬಿ ಇಟ್ಟು ಹೋಗಬಹುದು ಎಂದಳು. ರಶೀದಿ ಬರೆಯಲು ಪೆನ್ನನ್ನೂ ತೆಗೆದಳು. ಇಟ್ಟು ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕಾವಲಿನ ಹುಡುಗಿ ಎರಡೂ ಕೈಯಲ್ಲಿ ಕೊಟ್ಟದ್ದನ್ನು ಹಾಗೆ ಇಟ್ಟು ಬರಲು ನನಗೇಕೋ ಮನಸ್ಸಾಗಲಿಲ್ಲ. ಕಾಯುತ್ತೇನೆ ಎಂದೆ.

ಮೂಲೆಯ ದರ್ಶಿನಿಯಲ್ಲಿ ನಲವತ್ತು ರೂಪಾಯಿಗೆ ಚಿತ್ರಾನ್ನ, ಹದಿನೈದಕ್ಕೆ ಕಾಫಿ. ನಿಂತು ತಿನ್ನುವ ಕಲ್ಲಿನ ಮೇಜಿನ ಮೇಲೆ ಡಬ್ಬಿ ಇಟ್ಟುಕೊಂಡೆ. ಎದುರು ನಿಂತಿದ್ದವನ ನೀಲಿ ಅಂಗಿಯ ತೋಳಿನ ಮೇಲೆ ಲೋಹದ ಪುಡಿ ಹೊಳೆಯುತ್ತಿತ್ತು. ಕೈ ಆಡಿಸಿದಾಗಲೆಲ್ಲ ತೋಳು ಮಿಂಚುತ್ತಿತ್ತು. ಅವನು ಡಬ್ಬಿಯನ್ನೂ ನನ್ನನ್ನೂ ನೋಡಿ, ಊಟ ಮನೆಯಿಂದ ತಂದು ಇಲ್ಲಿ ಚಿತ್ರಾನ್ನ ತಿನ್ನುತ್ತಿದ್ದೀರಲ್ಲಾ ಮೇಡಂ ಎಂದು ನಕ್ಕ. ಹೌದೆಂದು ನಾನೂ ನಕ್ಕೆ. ಒಂದೇ ದಿನದಲ್ಲಿ ಆ ಡಬ್ಬಿ ಎಷ್ಟು ವೇಷ ಹಾಕಿತು.

ರಂಗಣ್ಣನವರು ಎರಡೂಕಾಲಿಗೆ ಬಂದರು. ಅರವತ್ತು ದಾಟಿದ ಸಣಕಲು ಮನುಷ್ಯ. ಮನೆ ಅಲ್ಲೇ ರಾಜಗೋಪಾಲನಗರದಲ್ಲಿ. ಮೂವತ್ತು ವರ್ಷದಿಂದ ಜನ ತಂದ ಕಲ್ಲು ಮಣ್ಣುಗಳನ್ನೇ ಕಲಸಿಕೊಂಡು ಬಂದಿದ್ದಾರಂತೆ. ಕೈ ತೊಳೆದು ಒರೆಸಿಕೊಂಡು, ನೆಲದ ಮೇಲೆ ರಬ್ಬರ್ ಹಾಳೆ ಹಾಸಿದರು. ನನಗಿಂತ ಮೊದಲು ಪುಡಿ ತಂದಿದ್ದ ಇನ್ನೊಬ್ಬರದನ್ನು ಅವರು ಭಾಗ ಮಾಡುವುದನ್ನು ನೋಡಿದೆ. ರಾಶಿಯನ್ನು ಗೋಪುರದ ಹಾಗೆ ಸುರಿದು, ತುದಿಯನ್ನು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಹೋಳಿಗೆ ಕತ್ತರಿಸುವಂತೆ ನಾಲ್ಕು ಪಾಲು ಮಾಡಿದರು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ವಾಪಸು ಚೀಲಕ್ಕೆ ಹಾಕಿದರು. ಮತ್ತೆ ಗೋಪುರ, ಮತ್ತೆ ನಾಲ್ಕು ಪಾಲು. ಹಾಳೆಯ ಅಂಚಿನಲ್ಲಿ ಉಳಿದ ಧೂಳನ್ನೂ ಬ್ರಷ್ಷಿನಿಂದ ಸೇರಿಸುತ್ತಿದ್ದರು. ಕೊನೆಗೆ ಒಂದು ಚಮಚದಷ್ಟು ಉಳಿದರೂ ಇಡೀ ರಾಶಿ ಅದರಲ್ಲಿರಬೇಕು, ಅದಕ್ಕೆ ಹೀಗೆ ಎಂದರು. ಪೂಜೆ ನೋಡಿದಂತೆ ನೋಡುತ್ತಾ ಕೂತಿದ್ದೆ.

ನನ್ನ ಡಬ್ಬಿಯ ಸರದಿ ಬಂತು. ಅವರು ಸುರಿಯಲಿಲ್ಲ. ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು. ಮತ್ತೊಂದು ಚಿಟಿಕೆ, ತಳದಿಂದ. ಕಿಟಕಿಯ ಬೆಳಕಿಗೆ ಹಿಡಿದರು.

“ಮೇಡಂ, ತರಿ ಎಲ್ಲಿ?”

ನನಗೆ ಆ ಕ್ಷಣ ಗುಲಾಬಿ ಕುಂಡ, ಅದರ ಪಕ್ಕದ ಚಿಪ್ಪು ಕಣ್ಣಿಗೆ ಕಟ್ಟಿತು. ಜರಡಿ ಹಿಡಿದೆ ಎಂದೆ. ಒರಟಾಗಿತ್ತು, ನೀಟಾಗಿ ಕೊಡೋಣವೆಂದು ಎಂದೂ ಸೇರಿಸಿದೆ. ಕಾನ್ವೆಂಟಿನ ಸಿಸ್ಟರ್ ವಿಚಾರ ಮಾತ್ರ ಹೇಳಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ರಬ್ಬರ್ ಹಾಳೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮಗಳಿಗೆ ಹೇಳುವಂತೆ ಹೇಳಿದರು.

“ನೋಡಿ, ಸತು ಕಲ್ಲಿನೊಳಗೆ ಸಿಕ್ಕೊಂಡಿರ್ತದೆ. ನುಣ್ಣಗೆ ಬೀಸಿದ್ರೆ ಬಿಡಿಸ್ಕೊಂಡು ಆಚೆ ಬರ್ತದೆ. ದಪ್ಪ ಬೀಸಿದ್ರೆ ತರಿಯೊಳಗೇ ಉಳ್ಕೊಂತದೆ. ಆಮೇಲೆ ನೀವು ಎಷ್ಟು ಔಷಧಿ ಹಾಕಿ, ಅದು ನೊರೆಗೆ ಅಂಟೋದೇ ಇಲ್ಲ.”

“ಅಂದರೆ ತರಿಯಲ್ಲಿ ಸತು ಇದ್ದರೆ...”

“ಬೀಸಿದವನ ತಪ್ಪು. ಹಿಟ್ಟಲ್ಲಿದ್ರೆ ಔಷಧಿ ಹಾಕೋನ ತಪ್ಪು. ಈಗ ನೀವು ತಂದಿರೋದು ಬರೀ ಹಿಟ್ಟು. ಇದ್ನ ಟೆಸ್ಟ್ ಮಾಡಿ ಕೊಟ್ರೆ, ಅಲ್ಲಿ ತರಿಯೇ ಇರಲಿಲ್ಲ ಅಂತ ಆಗ್ತದೆ. ಬೀಸಿದ್ದು ಸರಿಯಾಗೇ ಇತ್ತು ಅಂತ ಆಗ್ತದೆ.”

ತಿಪ್ಪೇಸ್ವಾಮಿಯನ್ನು ಉಳಿಸಬಲ್ಲ ಸಾಕ್ಷಿಯನ್ನೇ ನಾನು ಬೇರ್ಪಡಿಸಿ, ಉಳಿದದ್ದನ್ನು ಮೂವತ್ತು ಕಿಲೋಮೀಟರಿಗೆ ಹತ್ತಿರದಷ್ಟು ದೂರ ಎದೆಗವಚಿಕೊಂಡು ತಂದಿದ್ದೆ. ತರಿ ಮನೆಯಲ್ಲೇ ಇದೆಯೇ ಎಂದು ರಂಗಣ್ಣ ಕೇಳಿದರು. ಇದೆ ಎಂದೆ, ಲಕ್ಷ್ಮಮ್ಮನವರ ಹಿತ್ತಾಳೆ ದೀಪಗಳನ್ನು ನೆನೆಯುತ್ತಾ. ಒಂದು ಕಾಳೂ ಕಡಿಮೆಯಾಗದೆ ನಾಳೆ ಹನ್ನೊಂದರೊಳಗೆ ತಂದರೆ ತಾವೇ ಇದರ ಜೊತೆ ಬೆರೆಸಿ, ಸಂಜೆಯೊಳಗೆ ವರದಿ ಕೊಡಿಸುವುದಾಗಿ ಹೇಳಿದರು. ಹಿಟ್ಟನ್ನು ತೂಕ ಮಾಡಿ ಒಳಗಿಟ್ಟು, ಖಾಲಿ ಡಬ್ಬಿ ನನ್ನ ಕೈಗಿತ್ತರು. ಅದು ತುಂಬಿದ್ದಾಗಿನದಕ್ಕಿಂತ ಭಾರ ಅನಿಸಿತು.

ಲಕ್ಷ್ಮಮ್ಮನವರಿಗೆ ಮೆಟ್ಟಿಲ ಮೇಲಿಂದಲೇ ಫೋನ್ ಮಾಡಿದೆ. ಅವರು ಮೊಬೈಲನ್ನು ದೇವರ ಗೂಡಿನಲ್ಲಿಟ್ಟು, ಅದು ಹೊಡೆದುಕೊಂಡರೆ ದೇವರೇ ಎತ್ತಿಕೊಳ್ಳಲಿ ಎಂಬಂತೆ ಇದ್ದುಬಿಡುವವರು. ರಿಂಗ್ ಆಗಿ ಆಗಿ ನಿಂತಿತು. ಆಟೋದಲ್ಲಿ ಮತ್ತೆ ಮಾಡಿದೆ. ಪೀಣ್ಯದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮೂರನೆಯ ಸಲ. ಆಮೇಲೆ ನಮ್ಮವರಿಗೆ.

ಎಲ್ಲ ಹೇಳಿದೆ. ಆ ಕಡೆ ಯಂತ್ರಗಳ ಗರಗರ ಕೇಳಿಸುತ್ತಿತ್ತು.

“ಹಾಗೇ ಕೊಟ್ಟು ಬಾ ಅಂದಿದ್ದೆ ನಾನು” ಎಂದರು ನಮ್ಮವರು.

“ನೀವು ಹಾಗೇ ಅಂದಿದ್ದು, ಸುಮ್ಮನೆ ಹೋಗಿ ಕೊಟ್ಟು ಬರೋದು ಅಂತ ಅಂದ್ಕೊಂಡೆ.”

“ಇದ್ದದ್ದು ಇದ್ದ ಹಾಗೇ ಅಂತ, ಶೈಲಾ.”

ಇಪ್ಪತ್ತೆರಡು ವರ್ಷದಿಂದ ಇಬ್ಬರೂ ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಅದರೊಳಗೆ ಎರಡು ಅರ್ಥ ಇವೆಯೆಂದು ಪೀಣ್ಯಕ್ಕೆ ಬಂದ ಮೇಲೆ ಗೊತ್ತಾಗಬೇಕಿತ್ತು. ಅಷ್ಟರಲ್ಲಿ ಆ ಕಡೆ ಫೋನ್ ಕೈ ಬದಲಾಯಿತು. ತಿಪ್ಪೇಸ್ವಾಮಿ ಅಲ್ಲೇ ಪಕ್ಕದಲ್ಲಿದ್ದರು, ಎಲ್ಲ ಕೇಳಿಸಿಕೊಂಡಿದ್ದರು.

“ಅಕ್ಕಾ, ಮನಸಿಗೆ ಹಚ್ಕೋಬ್ಯಾಡ್ರಿ. ಹಿಟ್ಟು ಕಂಡ್ರೆ ಜರಡಿ ಹಿಡಿಯೋ ಕೈ ಅದು. ನಮ್ಮವ್ವ ಆಗಿದ್ರೂ ಅದ್ನೇ ಮಾಡ್ತಿದ್ಲು.”

“ತರಿ ಇದೆ ತಿಪ್ಪೇಸ್ವಾಮಿಯವರೇ. ಇರುತ್ತೆ” ಎಂದೆ.

“ಇದ್ರೆ ಆತು. ಇಲ್ಲಂದ್ರೂ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಊಟ ಮಾಡಿದ್ರಾ?”

ಆ ಪ್ರಶ್ನೆಗೆ ಕಣ್ಣು ತುಂಬಿ ಬಂತು. ರೈಲು ಬಂದದ್ದು ಒಳ್ಳೆಯದಾಯಿತು.

ವಾಪಸಾಗುವ ದಾರಿ ಅದೇ, ಊರು ಮಾತ್ರ ಬೇರೆ. ನಾಲ್ಕು ಗಂಟೆಯ ಹನಿಮಳೆಯಲ್ಲಿ ತಾರಸಿಗಳೆಲ್ಲ ಮಸುಕಾಗಿದ್ದವು. ಹಪ್ಪಳ ಯಾರೋ ಒಳಗೆ ಒಯ್ದಿದ್ದರು. ಖಾಲಿ ಸೀರೆಯ ಹಾಸು ತೊಯ್ಯುತ್ತಿತ್ತು. ಮೆಜೆಸ್ಟಿಕ್‌ನಲ್ಲಿ ಜನ ನನ್ನನ್ನು ಎತ್ತಿ ರೈಲಿಗೆ ಹಾಕಿದರು. ಕೂರಲು ಜಾಗವಿರಲಿಲ್ಲ. ಖಾಲಿ ಡಬ್ಬಿ ಹಿಡಿದು ಕಂಬಕ್ಕೆ ಒರಗಿ ನಿಂತೆ. ಸುರಂಗದ ಗಾಜಿನಲ್ಲಿ ಮತ್ತೆ ನಮ್ಮ ಮುಖಗಳು. ಬೆಳಿಗ್ಗೆ ಅವನ್ನು ಮೇಲೇಳುವ ಕಣಗಳೆಂದುಕೊಂಡಿದ್ದೆ. ಈಗ ಮೇಲೇಳದವರ ಕಡೆಗೇ ಮನಸ್ಸು ಹೋಯಿತು. ಕಲ್ಲಿನೊಳಗೆ ಸತು ಹೊತ್ತುಕೊಂಡೇ ಕೊಳವೆಯಲ್ಲಿ ಇಳಿದುಹೋಗುವ ಕಾಳುಗಳು, ಯಾರೂ ಒಡೆದು ನೋಡದ ಕಾಳುಗಳು. ನಿಂತಲ್ಲೇ ಕಣ್ಣು ಹತ್ತಿತು. ಬೂದು ಕೆರೆಯ ದಂಡೆಯಲ್ಲಿ ತಿಪ್ಪೇಸ್ವಾಮಿ ಮಂಡಕ್ಕಿ ಚೀಲ ಹೊತ್ತು ನಡೆಯುತ್ತಿದ್ದರು. ಚೀಲದ ತೂತಿನಿಂದ ಮಂಡಕ್ಕಿ ಒಂದೊಂದೇ ಉದುರಿ ನೀರಿನ ಮೇಲೆ ತೇಲುತ್ತಿತ್ತು, ಮುಳುಗುತ್ತಿರಲಿಲ್ಲ. ಕರೆಯಬೇಕೆಂದರೆ ದನಿ ಬರಲೊಲ್ಲದು. ಬೈಯಪ್ಪನಹಳ್ಳಿಯಲ್ಲಿ ಯಾರೋ ಭುಜ ತಟ್ಟಿ, ಸೀಟಿದೆ ಕೂತ್ಕೊಳ್ಳಿ ಆಂಟಿ ಎಂದರು. ಬೆನ್ನಿಗಾನಹಳ್ಳಿ ಕೆರೆಯ ಮೇಲೆ ಮಳೆ ಬೀಳುತ್ತಿತ್ತು. ಕೊಕ್ಕರೆಗಳು ಕತ್ತು ಒಳಗೆಳೆದುಕೊಂಡು ಸಾಲಾಗಿ ಕೂತಿದ್ದವು.

ಹೂಡಿಯಲ್ಲಿ ಇಳಿದಾಗ ಐದೂವರೆ. ಕಾವಲಿನ ಹುಡುಗಿ ಅಲ್ಲೇ ಇದ್ದಳು. ನನ್ನ ಕೈಯಲ್ಲಿ ಖಾಲಿ ಡಬ್ಬಿ ಕಂಡು, ಎಲ್ಲ ಸುಸೂತ್ರವಾಯಿತಲ್ಲ ಎಂಬಂತೆ ತಲೆ ತಗ್ಗಿಸಿದಳು. ಆಗಬೇಕು ತಾಯಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಛತ್ರಿ ಬಿಚ್ಚುವುದನ್ನೂ ಮರೆತು ನಡೆದೆ.

ಲಿಫ್ಟ್ ನಾಲ್ಕನೆಯ ಮಹಡಿಗೆ ಬರಲು ಅಂದು ತೆಗೆದುಕೊಂಡಷ್ಟು ಹೊತ್ತನ್ನು ಎಂದೂ ತೆಗೆದುಕೊಂಡಿಲ್ಲ. ನಮ್ಮ ಬಾಗಿಲು ಬರೀ ಚಿಲಕ ಹಾಕಿತ್ತು. ಒಳಗೆ ಯಾರೂ ಇರಲಿಲ್ಲ. ಬಾಲ್ಕನಿಗೆ ಹೋದೆ. ಗುಲಾಬಿ ಕುಂಡದ ಮಣ್ಣು ಒದ್ದೆಯಾಗಿತ್ತು. ಅದರ ಪಕ್ಕ ಚಿಪ್ಪು ಇಟ್ಟ ಜಾಗದಲ್ಲಿ ಒಂದು ದುಂಡನೆಯ ಗುರುತು ಮಾತ್ರ ಉಳಿದಿತ್ತು.

ಲಕ್ಷ್ಮಮ್ಮನವರ ಬಾಗಿಲು ಎಂದಿನಂತೆ ತೆರೆದೇ ಇತ್ತು. ಅವರು ಹಾಲ್‌ನ ನೆಲದ ಮೇಲೆ ಪೇಪರ್ ಹಾಸಿ ಕಾಲು ಚಾಚಿ ಕೂತಿದ್ದರು. ಸುತ್ತ ಹಿತ್ತಾಳೆಯ ದೀಪಗಳು, ಆರತಿ ತಟ್ಟೆ, ಒಂದು ತಂಬಿಗೆ. ಎಲ್ಲ ಬಂಗಾರದಂತೆ ಹೊಳೆಯುತ್ತಿದ್ದವು. ಅವರ ಕೈಯಲ್ಲಿ ಹುಣಸೇಹಣ್ಣು. ಹುಣಸೇಹಣ್ಣು ಎಂಬುದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

“ಚಿಪ್ಪಲ್ಲಿದ್ದ ಪುಡಿ?” ಎಂದೆ.

ಅವರು ತಲೆ ಎತ್ತದೆ ಗಲ್ಲದಿಂದಲೇ ಕಿಟಕಿಯ ಕಡೆ ತೋರಿಸಿದರು. ಅಲ್ಲಿ ಚಿಪ್ಪು ಇತ್ತು, ಮೇಲೆ ಒಂದು ಸಾಸರ್ ಮುಚ್ಚಿತ್ತು. ತೆಗೆದು ನೋಡಿದೆ. ಬೆಳಿಗ್ಗೆ ನಾನು ಸುರಿದಾಗ ಇದ್ದಂತೆಯೇ, ಕಂಠದವರೆಗೂ ತರಿ. ಮೇಲ್ಭಾಗ ಮಾತ್ರ ಬೆರಳಾಡಿಸಿದಂತೆ ಸ್ವಲ್ಪ ಕದಡಿತ್ತು. ಮಳೆ ಬರುವಂತಾಯಿತು, ನೆನೆದೀತು ಎಂದು ಒಳಗೆ ತಂದಿಟ್ಟೆ ಅಂದರು. ಒಂದು ಕಾಳಾದರೂ ಬಳಸಿದಿರಾ ಎಂದು ಕೇಳಿದೆ. ಇಲ್ಲವಂತೆ, ಬೆರಳಲ್ಲಿ ಉಜ್ಜಿ ನೋಡಿದರಂತೆ, ದೀಪಕ್ಕೆ ಗೀರು ಬೀಳುತ್ತದೆ ಎನಿಸಿ ಮತ್ತೆ ಚಿಪ್ಪಿಗೇ ಉದುರಿಸಿ ಮುಚ್ಚಿಟ್ಟರಂತೆ. ನಾನು ಅಲ್ಲೇ ನೆಲದ ಮೇಲೆ ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಹಿತ್ತಾಳೆಯ ಹೊಳಪಲ್ಲಿ ಹೊರಗಿನ ಸಂಜೆ ಹಳದಿಯಾಗಿ ಅಲುಗಾಡುತ್ತಿತ್ತು. ಅವರು ತಂಬಿಗೆಯನ್ನು ತಿರುಗಿಸಿ ತಳ ತಿಕ್ಕತೊಡಗಿದರು. ಬಾಲ್ಕನಿಯಲ್ಲಿದ್ದ ತಮ್ಮ ಬೀಸುವ ಕಲ್ಲಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಏನೋ ನೆನಪಾದವರಂತೆ ಹೇಳಿದರು:

“ಅದ್ಯಾರವ್ವ ಅದ್ನ ಬೀಸಿದ್ದು? ಒಂದೇ ಸಲಕ್ಕೆ ಬಾಯ್ತುಂಬ ಸುರಿದು, ಅವಸರದಾಗೆ ತಿರುಗ್ಸವ್ರೆ. ಅಂಗ್ ಸುರಿದ್ರೆ ಯಾವ ಕಲ್ಲು ನುಣ್ಣಗೆ ಕೊಟ್ಟಾತು?”